ತಟ್ಟೆಗಳ ನಡುವಿನ ಬಟ್ಟೆ

ಬಾಗಿಲ ಪಕ್ಕದ ದಾರ ಎಳೆದಾಗ ಒಳಗೆ ಅಡುಗೆಮನೆಯಲ್ಲಿ ತೂಗುಬಿಟ್ಟಿದ್ದ ಕೆಂಪು ಬಟ್ಟೆ ಅಲ್ಲಾಡಿತು. ಅದೇ ಆ ಮನೆಯ ಕರೆಗಂಟೆ. ಅಮ್ಮ ಬಂದು ಬಾಗಿಲು ತೆರೆದಳು. ಹೊಸಿಲಲ್ಲಿ ನಿಂತ ದೊಡ್ಡ ಮಗಳ ಮುಖದಲ್ಲಿ ಸುದ್ದಿ ಉಕ್ಕುತ್ತಿತ್ತು.

"ಅಮ್ಮಾ, ಪ್ರೆಸ್ಸಲ್ಲಿ ದೊಡ್ಡ ಮೆಷಿನ್ನು ಇವತ್ತಿಂದ ನಂದೇ! ಯಜಮಾನ್ರು ಎಲ್ಲರ ಮುಂದೆ..."

"ಶ್! ಮೆಲ್ಲಗೆ ಕಣೇ. ಈಗಷ್ಟೇ ಕಣ್ಣು ಮುಚ್ಚಿದಾಳೆ." ಅಮ್ಮನ ನೋಟ ಕೋಣೆಯ ಕಡೆಗೇ ಇತ್ತು. "ಒಳ್ಳೇದಾಯ್ತು ಬಿಡು. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬಾ. ಅವಳ ಮಾತ್ರೆ ಮುಗಿದಿದೆ, ತಂದುಬಿಡ್ತೀನಿ. ಅಲ್ಲೀವರೆಗೆ ನೋಡ್ಕೋ."

ಒಳಗೆ ಮಲಗಿದ್ದವಳು ತಂಗಿ. ನಿದ್ದೆಯಲ್ಲಿರುವಾಗ ಹಠಾತ್ತನೆ ದೊಡ್ಡ ಸದ್ದಾದರೆ ಅವಳ ಹೃದಯ ಲಯ ತಪ್ಪಿ ನಿಂತೇಬಿಡಬಹುದು. ಅದಕ್ಕೇ ಆ ಮನೆಯಲ್ಲಿ ಅಲಾರಂ ಇಲ್ಲ, ಕುಕ್ಕರ್ ಕೂಗುವುದಿಲ್ಲ, ಗೂಡಿನಲ್ಲಿ ಒಂದೊಂದು ತಟ್ಟೆಯ ನಡುವೆಯೂ ಹಳೆಯ ಬಟ್ಟೆಯ ತುಂಡು. ಅವಳನ್ನು ಎಬ್ಬಿಸಬೇಕಾದರೆ ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಒತ್ತಬೇಕು.

ಹುಡುಗಿಯರಿಬ್ಬರೂ ಚಿಕ್ಕವರಿದ್ದಾಗಲೇ ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. "ನೋಡಿ, ಜೀವಕೋಶದ ಗೋಡೇಲಿ ಪೊಟ್ಯಾಸಿಯಂ ಹೋಗೋಕೆ ಅಂತಲೇ ಬಾಗಿಲುಗಳಿವೆ. ನಾಲ್ಕು ತುಂಡು ಸೇರಿ ಒಂದು ಬಾಗಿಲು. ಪ್ರತಿ ಬಡಿತ ಆದ್ಮೇಲೂ ಪೊಟ್ಯಾಸಿಯಂ ಅಲ್ಲಿಂದ ಹೊರಗೆ ಹೋದ್ರೇನೇ ಹೃದಯ ಸುಧಾರಿಸ್ಕೊಂಡು ಮುಂದಿನ ಬಡಿತಕ್ಕೆ ಅಣಿಯಾಗೋದು. ಇವಳಿಗೆ ಆ ಬಾಗಿಲಲ್ಲಿ ಸೊಟ್ಟ ತುಂಡು ಸೇರ್ಕೊಂಡಿದೆ. ಒಂದು ಸೊಟ್ಟಗಿದ್ರೂ ಸಾಕು, ಬಾಗಿಲು ಕೆಟ್ಟ ಹಾಗೇ."

"ಪೊಟ್ಯಾಸಿಯಂಗಿಂತ ಚಿಕ್ಕದು ಯಾವುದಾದ್ರೂ ತೂರಿಬಿಟ್ರೆ?" ಎಂದು ಅಕ್ಕ ಕೇಳಿದ್ದಳು.

ಡಾಕ್ಟರು ನಕ್ಕಿದ್ದರು. "ಜಾಣೆ! ಸೋಡಿಯಂ ಚಿಕ್ಕದೇ. ಆದ್ರೂ ಬಿಡಲ್ಲ. ಬಾಗಿಲ ಒಳಗಡೆ ಪೊಟ್ಯಾಸಿಯಂ ಅಳತೆಗೇ ಮಾಡಿರತ್ತೆ ಮಗು, ಅದನ್ನ ಮಾತ್ರ ಅಪ್ಕೊಳ್ಳತ್ತೆ."

ಅಂದು ಮನೆಗೆ ಬರುವಾಗ ಅಪ್ಪ ತಂಗಿಯನ್ನು ಹೆಗಲಿಗೇರಿಸಿಕೊಂಡ, ಅಮ್ಮ ಅವಳ ಪಾದ ಹಿಡಿದು ನಡೆದಳು. ಹಿಂದೆ ಒಬ್ಬಳೇ ಬರುತ್ತಿದ್ದ ಅಕ್ಕನಿಗೆ ಡಾಕ್ಟರ ಮಾತು ಚೆನ್ನಾಗಿ ಅರ್ಥವಾಗಿತ್ತು: ಅಪ್ಪಿಕೊಳ್ಳುವ ಬಾಗಿಲು ಒಬ್ಬರ ಅಳತೆಗೇ ಇರುತ್ತದೆ.

ದೇವರು ಎಲ್ಲರ ಎದೆಯಲ್ಲೂ ಒಂದಿಷ್ಟು ಬೆಂಕಿ ಇಟ್ಟಿರುತ್ತಾನೆ. ಅದರಲ್ಲಿ ಅನ್ನವನ್ನೂ ಬೇಯಿಸಬಹುದು, ಮನೆಯನ್ನೂ ಸುಡಬಹುದು. ಇವತ್ತು ಅಮ್ಮ ಮಾತ್ರೆ ತರಲು ಅತ್ತ ಹೋದದ್ದೇ ಅಕ್ಕ ಅಡುಗೆಮನೆಗೆ ನಡೆದಳು. ಗೂಡಿನ ತಳದಿಂದ ಎಲ್ಲಕ್ಕಿಂತ ದೊಡ್ಡ ಸ್ಟೀಲಿನ ತಟ್ಟೆಯನ್ನು ಎಳೆದುಕೊಂಡಳು. ಬಟ್ಟೆ ಅಲ್ಲೇ ಉಳಿಯಿತು. ಕೈ ಜಾರಿತು ಅಂದರಾಯಿತು. ಯಾರ ಕೈ ತಾನೇ ಜಾರುವುದಿಲ್ಲ? ಕೋಣೆಯ ಬಾಗಿಲಲ್ಲಿ ನಿಂತು ತಟ್ಟೆಯನ್ನು ತಲೆಯ ಮೇಲಕ್ಕೆತ್ತಿದಳು. ಕೆಳಗೆ ಕಲ್ಲಿನ ನೆಲ.

"ಅಕ್ಕಾ?"

ತಂಗಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. "ನಿದ್ದೆ ಎಲ್ಲಿ ಬಂತು? ಅಮ್ಮಂಗೆ ಸಮಾಧಾನ ಆಗ್ಲಿ ಅಂತ ಕಣ್ಣು ಮುಚ್ಕೊಂಡಿದ್ದೆ. ತಟ್ಟೆ ಯಾಕೇ?"

"ಒರೆಸೋಕೆ." ಅಕ್ಕನ ಕೈ ತಾನಾಗಿ ಇಳಿಯಿತು.

"ದೊಡ್ಡ ಮೆಷಿನ್ನು ನಿಂದಂತೆ, ಕೇಳಿಸ್ತು. ಒಂದು ಮಾತು ಹೇಳ್ಲಾ? ಬಯ್ಯಬಾರ್ದು." ತಂಗಿ ನಕ್ಕಳು. "ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣೇ. ದಿನವಿಡೀ ಅಷ್ಟು ಗದ್ದಲದಲ್ಲಿ ಮಿಂದು ಬರ್ತೀಯ. ನಾನು ಈ ಪಿಸುಪಿಸು ಕೇಳ್ಕೊಂಡೇ ಬಿದ್ದಿರ್ಬೇಕು."

ಇಷ್ಟು ವರ್ಷ ತಾನು ಹಲ್ಲು ಕಚ್ಚಿ ನುಂಗಿದ್ದ ಮಾತನ್ನು ತಂಗಿ ನಗುನಗುತ್ತ ಆಡಿಬಿಟ್ಟಿದ್ದಳು.

"ಆ ಮೆಷಿನ್ನು ಹೆಂಗೆ ಕೂಗತ್ತೆ, ಮಾಡಿ ತೋರ್ಸೇ. ಮೆಲ್ಲಗೆ, ಕಿವೀಲಿ. ಹಾಗೇ ನಿದ್ದೆ ಬಂದ್ರೂ ಬರ್ಬಹುದು. ನೀನಿದ್ರೆ ನಂಗೆ ಭಯ ಇಲ್ಲ. ಅಮ್ಮನ ಕೈಯಿಂದಾದ್ರೂ ಒಮ್ಮೊಮ್ಮೆ ಚಮಚ ಜಾರತ್ತೆ. ನಿನ್ನ ಕೈಯಿಂದ ಈವರೆಗೆ ಏನೂ ಬಿದ್ದಿಲ್ಲ."

ಅಕ್ಕ ಮಂಚದಂಚಿಗೆ ಕೂತು ತಂಗಿಯ ಕಿವಿಗೆ ಬಾಯಿಟ್ಟಳು. "ಧಡಕ್... ಧಡಕ್... ಸುಂಯ್... ಧಡಕ್..."

ಮಾತ್ರೆ ತಂದ ಅಮ್ಮ ತಾನೇ ಬಾಗಿಲು ತೆರೆದು ಒಳಗಿಣುಕಿದಾಗ ಸಣ್ಣವಳು ನಿದ್ದೆಹೋಗಿದ್ದಳು. ದೊಡ್ಡವಳು ಇನ್ನೂ ಪಿಸುಗುಡುತ್ತಲೇ ಇದ್ದಳು. ತಟ್ಟೆ ಹಿಡಿದ ಅವಳ ತೋಳು ನೋವಿಗೆ ನಡುಗುತ್ತಿತ್ತು. ಕೆಳಗಿಡೋಣವೆಂದರೆ ಕಲ್ಲಿನ ನೆಲ, ಅಡಿಗೆ ಹಾಸಲು ಬಟ್ಟೆ ಇರಲಿಲ್ಲ.