ಈರಕ್ಕ ಒಳಗೆ ಬಂದಳು

ಬಚ್ಚಲಲ್ಲಿ ಜಾರಿ ಬಿದ್ದ ನಾಗರತ್ನಮ್ಮ ನಡುಮನೆಯವರೆಗೆ ತೆವಳಿಕೊಂಡು ಬಂದಿದ್ದರು. ಅಲ್ಲಿಂದ ಮುಂದಕ್ಕೆ ಆಗಲಿಲ್ಲ. ಸೊಂಟದಲ್ಲಿ ಪ್ರಾಣ ಹೋಗುವಂಥ ನೋವು. ಬಿಸಿಲೇರುವ ಹೊತ್ತಿಗೆ, ಹಾಲು ತಂದಿಡುವ ಈರಕ್ಕನ ಬಳೆಯ ಸದ್ದು ಜಗಲಿಯಲ್ಲಿ ಕೇಳಿಸಿತು.

"ಈರಕ್ಕಾ, ಒಳಗೆ ಬಾರೇ. ಬಿದ್ದುಬಿಟ್ಟೆ."

ಓಡಿಬಂದ ಈರಕ್ಕ ಹೊಸ್ತಿಲಾಚೆಯೇ ನಿಂತುಬಿಟ್ಟಳು. ನಿಡುಗಲ್ ಬೆಟ್ಟದ ಬುಡದ ಆ ಹಟ್ಟಿಯಲ್ಲಿ ಮಿಕ್ಕವೆಲ್ಲ ಕುರಿ ಕಾಯುವವರ ಮನೆಗಳು. ಅಯ್ಯನವರ ಮನೆ ಇದೊಂದೇ. ಗುಡಿಯ ಪೂಜೆ ಮಾಡುತ್ತಿದ್ದ ಗಂಡ ಮಲ್ಲಿಕಾರ್ಜುನಯ್ಯ ಎಪ್ಪತ್ತಾರನೇ ಇಸವಿಯಲ್ಲಿ ತೀರಿಕೊಂಡ ಮೇಲೆ ನಾಗರತ್ನಮ್ಮ ಒಬ್ಬರೇ. ದಾರಿಯಲ್ಲಿ ಎದುರಾದವರು ಕೈಮುಗಿದು ಪಕ್ಕಕ್ಕೆ ಸರಿಯುತ್ತಿದ್ದರು. ಜೊತೆಯಲ್ಲಿ ಕೂತು ಮಾತಾಡುವವರು ಯಾರೂ ಇರಲಿಲ್ಲ.

"ಅಯ್ಯಯ್ಯೋ ಅಮ್ಮನೋರೆ! ತಡೀರಿ, ನಮ್ಮೆಜಮಾನ್ರನ್ನ ಪಾವಗಡದ ಬಸ್ಸಿಗೆ ಅಟ್ತೀನಿ. ನಿಮ್ಮ ತಂಗ್ಯೋರನ್ನ ಕರ್ಕಂಬರ್ತಾರೆ."

"ಅವಳು ಬರೋ ಹೊತ್ತಿಗೆ ಸಂಜೆಯಾಗುತ್ತೆ. ನಾಲಿಗೆ ಒಣಗಿಹೋಗಿದೆ ಕಣೇ."

"ನಾನು ಹೆಂಗಮ್ಮ ಒಳಕ್ಕೆ ಬರ್ಲಿ?"

ನಾಗರತ್ನಮ್ಮ ಕಣ್ಣು ಮುಚ್ಚಿದರು. "ಕೈಮುಗಿತೀನಿ, ಬಾ."

ಈರಕ್ಕ ಅಲ್ಲಿಂದಲೇ ಕೂಗಿ ಗಂಡನನ್ನು ಬಸ್ಸಿಗೆ ಓಡಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. ನೀರು ಕುಡಿಸಿದಳು. ಕಂಕುಳಿಗೆ ಕೈಕೊಟ್ಟು ಎತ್ತಿ, ಚಾಪೆಯ ಮೇಲೆ ಮಲಗಿಸಿ, ಒದ್ದೆ ಸೀರೆ ಬದಲಿಸಿದಳು. ಕೆದರಿದ್ದ ಕೂದಲನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು. ಗಂಡ ಹೋದಮೇಲೆ ತಮ್ಮನ್ನು ಇನ್ನೊಬ್ಬರ ಕೈ ಮುಟ್ಟಿದ್ದು ಇದೇ ಮೊದಲೆಂದು ನಾಗರತ್ನಮ್ಮನವರಿಗೆ ಹೊಳೆಯಿತು. ಆ ಒರಟು ಕೈಯನ್ನು ಹಿಡಿದುಕೊಂಡರು.

"ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳೇ."

"ಆಗಲ್ಲಮ್ಮ, ಕೆಲ್ಸ ಐತೆ." ಈರಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು. ಬಚ್ಚಲಿನಿಂದ ನೀರು, ಪೊರಕೆ ತಂದು ಚಾಪೆಯ ಪಕ್ಕದಿಂದಲೇ ನೆಲ ತೊಳೆಯತೊಡಗಿದಳು.

"ಇದೇನೇ ಮಾಡ್ತಿದ್ದೀಯ? ಬಿಡೇ!"

"ನನ್ ಮಗ ಬೋರಣ್ಣ ಕೂಸಾಗಿದ್ದಾಗ ಅಂಬೆಗಾಲಲ್ಲಿ ಒಳಕ್ಕೆ ಬಂದಿದ್ದಕ್ಕೆ ಮೂರು ಕೊಡ ನೀರು ಹಾಕಿ ತೊಳೆದ್ರಲ್ಲಮ್ಮ. ಈಗ ಈ ಸೊಂಟದಾಗೆ ನೀವು ಹೆಂಗೆ ಬಗ್ಗೀರಿ? ನಾನೇ ತೊಳೆದ್ಬುಡ್ತೀನಿ."

ಅವಳ ದನಿಯಲ್ಲಿ ಕೊಂಕಿರಲಿಲ್ಲ, ಬರೀ ಕಾಳಜಿ. ಈರಕ್ಕ ಬಗ್ಗಿಕೊಂಡೇ ಹಿಂದು ಹಿಂದಕ್ಕೆ ಸರಿಯುತ್ತ, ತನ್ನ ಹೆಜ್ಜೆಗಳನ್ನು ಒಂದೊಂದಾಗಿ ತೊಳೆದು, ಹೊರಗೆ ಇಳಿದಳು.