ಅಜ್ಜಿಯ ನುಚ್ಚು, ಮರಿಯ ಪಾಲು

ಜೋಳದ ನುಚ್ಚು ಕುದಿಯುವ ವಾಸನೆ ಬಂದರೆ ಸಾಕು, ಕುಷ್ಟಗಿಯ ನಮ್ಮ ಮನೆಯ ಒಂದು ಮಧ್ಯಾಹ್ನ ಇವತ್ತಿಗೂ ನೆನಪಾಗುತ್ತದೆ.

ಕುರಿ ಕಾಯುವವರಿಂದ ಅಪ್ಪ ತಂದಿದ್ದ ನಾಯಿಮರಿ ಏನನ್ನೂ ತಿನ್ನುತ್ತಿರಲಿಲ್ಲ. ಎಮ್ಮೆಯ ಹಾಲು ಕುಡಿದರೆ ಕಾರಿಕೊಳ್ಳುತ್ತಿತ್ತು. ರೊಟ್ಟಿ ಹಾಕಿದರೆ ಮೂಸಿ ಮುಖ ತಿರುಗಿಸುತ್ತಿತ್ತು. ಎತ್ತಿಕೊಂಡರೆ ಪಕ್ಕೆಲುಬುಗಳೇ ಕೈಗೆ ಸಿಗುತ್ತಿದ್ದವು.

"ಹಿಂಗಾದ್ರ ಇದು ಉಳಿಯಂಗಿಲ್ಲ. ಸಂಜಿಗೆ ಇದರ ತಾಯಿ ಕಡೆ ಬಿಟ್ಟು ಬರ್ತೀನಿ" ಎಂದು ಹೇಳಿ ಅಪ್ಪ ಹೊಲಕ್ಕೆ ಹೋದ.

ನಾನು ಅಳುತ್ತಾ ಮರಿಯನ್ನು ಲಂಗದಲ್ಲಿ ಸುತ್ತಿಕೊಂಡು ಅಜ್ಜಿಯ ಪಕ್ಕ ಕುಳಿತೆ. ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮೆತ್ತಗೆ ಬೇಯಿಸಿದ ನುಚ್ಚಿಗೆ ಮಜ್ಜಿಗೆ ಹಾಕಿ, ಕಿವುಚಿ ಉಣ್ಣುತ್ತಿದ್ದಳು. ನಾನು ಮರಿಯ ಬಾಯಿ ತೆರೆದು ನೋಡಿದೆ. ಅಲ್ಲಿ ಅಕ್ಕಿಕಾಳಿನಂಥ ಹಲ್ಲುಗಳು ಆಗಷ್ಟೇ ಮೂಡುತ್ತಿದ್ದವು.

"ಆಯಿ, ಇದಕ್ಕೂ ನಿನ್ನಂಗ ಅಗಿಯಾಕ ಬರಂಗಿಲ್ಲ. ನಿನ್ನ ನುಚ್ಚು ಕೊಡ್ಲೇನು?"

ಅಜ್ಜಿ ನಕ್ಕು ತಟ್ಟೆಯನ್ನು ನನ್ನತ್ತ ಸರಿಸಿದಳು. "ಕೊಡು. ಮೊದ್ಲು ಕೈಯಾಗ ಹಿಡಿ, ನಂಬಿಕಿ ಬರ್ಲಿ."

ಅಂಗೈಯಲ್ಲಿ ಹಿಡಿದೆ. ಮರಿ ಮೂಸಿತು, ಒಮ್ಮೆ ನೆಕ್ಕಿತು, ಆಮೇಲೆ ಬೆರಳ ಸಂದಿಯನ್ನೂ ಬಿಡಲಿಲ್ಲ. ಕಡೆಗೆ ಮುಂಗಾಲೆರಡನ್ನೂ ಅಜ್ಜಿಯ ತಟ್ಟೆಯಲ್ಲೇ ಇಟ್ಟು ನಿಂತಿತು.

ಸಂಜೆ ಅಪ್ಪ ಬಂದಾಗ ಮರಿ ಮತ್ತೆ ಉಣ್ಣುತ್ತಿತ್ತು. ನಂಬಲಾರದೆ ಅವನು ತಟ್ಟೆಗೆ ಕೈ ಹಾಕಿದ. ಅಂಗೈಯಗಲದ ಆ ಮರಿ ತಲೆಯೆತ್ತಿ ಗುರ್ ಎಂದಿತು.

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡು, "ಆತವ್ವ, ಇನ್ನ ಈ ಮನಿ ಕಾಯಾಕ ಇದು ಐತಿ" ಎಂದ.