ಹಸಿರು ಪೆಟ್ಟಿಗೆಯ ಉಮೇದುವಾರ

ಹಸಿರು ಪೆಟ್ಟಿಗೆಯಿಂದ ಮತದ ಚೀಟಿಗಳು ಇನ್ನೂ ಬರುತ್ತಲೇ ಇದ್ದವು. ಶಾಲೆಯ ಕಟ್ಟೆಯ ಮೇಲೆ ಕೂತಿದ್ದ ಅಂದಾನೆಪ್ಪ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಒಳಗಿನಿಂದ ಕಾರಕೂನ ಕೂಗಿದ: "ಹಸಿರು, ಎರಡು ನೂರಾ ಹತ್ತು!" ಹೊರಗೆ ನಿಂತ ಮಂದಿ ಹೋ ಎಂದರು. ಯಾರೋ ಅಂದಾನೆಪ್ಪನ ಬೆನ್ನು ಚಪ್ಪರಿಸಿದರು. ಅವನು ನಗಲಿಲ್ಲ.

"ಕೆಂಪು ಪೆಟ್ಟಿಗಿ ಇನ್ನೂ ತಗದಿಲ್ಲಲಾ?" ಎಂದಷ್ಟೇ ಕೇಳಿದ.

ಕೆಂಪು ಪೆಟ್ಟಿಗೆ ಅರಮನೆಯ ಕಡೆಯ ಉಮೇದುವಾರ ಆದಪ್ಪನವರದು, ಹಸಿರು ಇವನದು. ಜಮಖಂಡಿಗೂ ಮುಧೋಳಕ್ಕೂ ನಡುವೆ, ಕುದುರೆ ಏರಿದವನು ಮಧ್ಯಾಹ್ನದ ಊಟದೊಳಗೆ ಸುತ್ತಿ ಬರಬಹುದಾದಷ್ಟು ಸಣ್ಣ ಸಂಸ್ಥಾನ. ಇಸವಿ ಸಾವಿರದ ಒಂಬೈನೂರ ನಲವತ್ತೈದು. ಸುತ್ತಲೂ ಸ್ವರಾಜ್ಯದ ಗದ್ದಲ ಎದ್ದಿದ್ದರಿಂದ ಇಲ್ಲಿಯ ಅರಸರೂ ಪ್ರಜಾಸಭೆಗೆ ಚುನಾವಣೆ ಸಾರಿದ್ದರು. ಎಲ್ಲವೂ ನ್ಯಾಯವಾಗಿ ನಡೆಯುತ್ತದೆಯೇ ಎಂದು ನೋಡಲು ಕೊಲ್ಹಾಪುರದ ಬ್ರಿಟಿಷ್ ಕಚೇರಿಯಿಂದ ಒಬ್ಬ ಗೋರಾ ಸಾಹೇಬ ಬಂದಿದ್ದ. ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಸೋಡಾ ಕುಡಿಯುತ್ತಿದ್ದ. ಅಲ್ಲಿ ಕೂತವನಿಗೆ ಖರೆ ಯಾವುದು, ಸುಳ್ಳು ಯಾವುದು ಹೇಗೆ ತಿಳಿಯಬೇಕು, ಪಾಪ.

ಪ್ರಜಾಸಭೆ ಎಂದರೇನೆಂದು ಅಂದಾನೆಪ್ಪನಿಗೇ ಸರಿಯಾಗಿ ಗೊತ್ತಿರಲಿಲ್ಲ. ಅವನಿಗೆ ಮಗ ಬೇಕಾಗಿತ್ತು. ಮಹಾಲಿಂಗ ಚಾವಡಿಯ ಮೇಲೆ ಸ್ವರಾಜ್ಯದ ಬಾವುಟ ಹಾರಿಸಿ ಎರಡು ವರ್ಷದಿಂದ ಅರಮನೆಯ ತುರಂಗದಲ್ಲಿದ್ದ. ವಿಚಾರಣೆಯಿಲ್ಲ, ಬಿಡುಗಡೆಯ ದಿನವೂ ಗೊತ್ತಿಲ್ಲ. ಅಷ್ಟು ಕಾಲ ಮಗ್ಗದ ಮುಂದೆ ತಲೆ ತಗ್ಗಿಸಿ ಕೂತು ರಬಕವಿಯ ಪೇಟೆಗೆ ಸೀರೆ ನೇಯುತ್ತಿದ್ದ ಅಪ್ಪ, ಮೂರು ತಿಂಗಳ ಹಿಂದೆ ಒಮ್ಮೆಲೇ ಅರಮನೆಯ ವಿರುದ್ಧ ಉಮೇದುವಾರನಾಗಿ ನಿಂತ. ಊರೇ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಮಗನ ಕಿಚ್ಚು ಅಪ್ಪನಿಗೂ ಹತ್ತಿತು ಎಂದರು.

"ಇಲೆಕ್ಷನ್ ಮುಗದ ದಿನಾನ ಮಾಲಿಂಗ ಮನಿಗೆ ಬರ್ತಾನ," ಎಂದು ಅವನು ಹೆಂಡತಿ ಇಂದ್ರವ್ವನಿಗೆ ಹೇಳಿದ್ದ. ಹೇಗೆ ಎಂದು ಅವಳು ಕೇಳಲಿಲ್ಲ. ಇವತ್ತು ಬೆಳಿಗ್ಗೆಯೇ ಹಂಡೆಗೆ ನೀರು ತುಂಬಿ, ಮಗನ ಅಂಗಿ ಒಗೆದು ಹಾಕಿದ್ದಳು.

ಭಾಷಣ ಮಾಡಲು ಅಂದಾನೆಪ್ಪನಿಗೆ ಬರುತ್ತಿರಲಿಲ್ಲ. ಕಾಗದ ಹಿಡಿದು ಓದುತ್ತಿದ್ದ. ಆದರೆ ಕಾಗದದೊಳಗಿನ ಮಾತುಗಳೋ! ಅರಸನನ್ನು ಪ್ರಶ್ನೆ ಕೇಳುವುದು ಪ್ರಜೆಯ ಹಕ್ಕಂತೆ. ಕಾರಣ ಹೇಳದೆ ಯಾರನ್ನೂ ಹಿಡಿದಿಡಬಾರದಂತೆ. ಮೊದಲ ದಿನ ಹತ್ತು ಮಂದಿ ದೂರ ನಿಂತು ಕೇಳಿದರು, ಫೌಜದಾರ ಬಂದಾನೆಂದು. ಫೌಜದಾರ ಬಂದ, ಕೈಕಟ್ಟಿ ನಿಂತು ಕೇಳಿ, ಆಕಳಿಸಿ ಹೋದ. ಮರುದಿನ ನೂರು ಮಂದಿ ಬಂದರು. ಜನ ಹೆಚ್ಚಿದಂತೆಲ್ಲ ಅಂದಾನೆಪ್ಪ ಸೊರಗುತ್ತ ಹೋದ. ಸಭೆ ಮುಗಿದರೆ ಸಾಕು, ಯಾರ ಮೋರೆಯನ್ನೂ ನೋಡದೆ ಮನೆಯ ದಾರಿ ಹಿಡಿಯುತ್ತಿದ್ದ.

ಮತದಾನದ ಹಿಂದಿನ ದಿನ ಅದೇ ಓಣಿಯ ಮುದುಕಿ ತಾಯವ್ವ ಅವನ ಮಗ್ಗದ ಹತ್ತಿರವೇ ಬಂದು ಕೂತಳು. ತೆರಿಗೆ ಕಟ್ಟುವವರಿಗಷ್ಟೇ ಮತ; ಗಂಡ ಸತ್ತ ಮೇಲೆ ಮಗ್ಗದ ತೆರಿಗೆ ಅವಳ ಹೆಸರಿಗೆ ಬಂದು, ಅವಳಿಗೂ ಒಂದು ಮತ ಸಿಕ್ಕಿತ್ತು.

"ಅಂದಾನೆಪ್ಪಾ, ನೀ ಓದಿದ್ದೆಲ್ಲಾ ಖರೆ ಏನೋ? ನಾ ಹಸರ ಪೆಟ್ಟಿಗ್ಯಾಗ ಚೀಟಿ ಹಾಕಿದ್ರ ನನ್ನ ಮಗ್ಗ ಜಪ್ತಿ ಮಾಡೂದಿಲ್ಲ ಹೌದಲ್ಲೋ?"

ಅಂದಾನೆಪ್ಪ ಕೈಯಲ್ಲಿದ್ದ ಲಾಳಿ ಕೆಳಗಿಟ್ಟ. ನಾಚಿಕೆಯಿಂದ ಕಿವಿ ಬಿಸಿಯಾದವು.

"ಯವ್ವಾ, ನನಗ ಹಾಕಬ್ಯಾಡ. ಕೆಂಪ ಪೆಟ್ಟಿಗ್ಯಾಗ ಹಾಕು. ಓಣ್ಯಾಗಿನ ಮಂದಿಗೂ ಹೇಳು. ಯಾರೂ ನನ್ನ ನಂಬಿ ಕೆಡಬ್ಯಾಡ್ರಿ."

ತಾಯವ್ವ ಅವನನ್ನೇ ದಿಟ್ಟಿಸಿದಳು. ಅವಳ ಕಣ್ಣು ತುಂಬಿ ಬಂದವು. "ನನಗ ಎಪ್ಪತ್ತು ವರ್ಷ ಆತು. ನಮ್ಮ ಸಲುವಾಗಿ ತನ್ನ ಲುಕ್ಸಾನ ಮಾಡ್ಕೊಳ್ಳಾವನ್ನ ಇವತ್ತ ನೋಡಿದೆ," ಎಂದು ಎದ್ದು ಹೋದಳು.

ಹೊತ್ತು ಮುಳುಗುವುದರೊಳಗೆ ಆ ಮಾತು ಊರೆಲ್ಲ ಸುತ್ತಿತು. ನನಗೆ ಮತ ಹಾಕಬೇಡಿ ಎನ್ನುವ ಉಮೇದುವಾರನನ್ನು ಯಾರು ಎಲ್ಲಿ ಕಂಡಿದ್ದರು? ಮರುದಿನ ಕೋಲು ಊರಿಕೊಂಡವರೂ ಬಂದು ಸಾಲಿನಲ್ಲಿ ನಿಂತರು.

ಈಗ ಒಳಗೆ ಕೆಂಪು ಪೆಟ್ಟಿಗೆ ತೆರೆದರು. ಅಂದಾನೆಪ್ಪ ಎದ್ದು ನಿಂತು ಕಿವಿಗೊಟ್ಟ. ಕಾರಕೂನನ ದನಿ ಎಪ್ಪತ್ತೊಂದಕ್ಕೆ ನಿಂತುಬಿಟ್ಟಿತು. ಹಸಿರು ಮುನ್ನೂರ ನಾಲ್ಕು. ಅಂದಾನೆಪ್ಪ ಕುಸಿದು ಮತ್ತೆ ಕಟ್ಟೆಯ ಮೇಲೆ ಕೂತ. ಸಂತೋಷ ತಡೆಯಲಾಗದೆ ಹೀಗಾಯಿತೆಂದು ಯಾರೋ ನೀರು ತಂದುಕೊಟ್ಟರು.

ಗೋರಾ ಸಾಹೇಬ ಅವನ ಕೈ ಕುಲುಕಿ, ಇಂಗ್ಲಿಷಿನಲ್ಲಿ ಏನೋ ಹೊಗಳಿ, ಮೋಟಾರು ಹತ್ತಿದ. ಜನ ಹಾರ ಹಾಕಿದರು, ಗುಲಾಲು ಎರಚಿದರು. ತಾಯವ್ವ ಗುಂಪು ಸರಿಸಿಕೊಂಡು ಬಂದು ಅವನ ರಟ್ಟೆ ಹಿಡಿದಳು.

"ಇನ್ನ ಮಾಲಿಂಗನ್ನ ಹ್ಯಾಂಗ ಇಟಗೋತಾರ ನೋಡೂನು! ನಡಿ, ದಿವಾನರ ಮುಂದ ನಿಂತು ಕೇಳು."

ಅಂದಾನೆಪ್ಪ ನಡೆದ. ಮೂರು ತಿಂಗಳ ದಣಿವೆಲ್ಲ ಒಂದೇ ಸಲ ಕಾಲಿಗೆ ಇಳಿದಿತ್ತು. ಜನ ಜಯಕಾರ ಹಾಕುತ್ತ ಅರಮನೆಯ ಬಾಗಿಲವರೆಗೆ ಬಂದರು. ಪಹರೆಯವರು ಅವನೊಬ್ಬನನ್ನೇ ಒಳಗೆ ಬಿಟ್ಟು ಬಾಗಿಲು ಮುಚ್ಚಿದರು. ಕಚೇರಿಯಲ್ಲಿ ದಿವಾನರು ಒಬ್ಬರೇ ಕೂತಿದ್ದರು. ತಲೆಯೆತ್ತಿ ನೋಡಲಿಲ್ಲ.

ಅಂದಾನೆಪ್ಪ ಹಾರ ಸಮೇತ ಅವರ ಕಾಲಿಗೆ ಬಿದ್ದ. "ತಪ್ಪಾತ್ರಿ ಸರಕಾರ. ನೀವು ಬರದು ಕೊಟ್ಟಿದ್ದ ಬಿಟ್ಟು ಒಂದ ಮಾತೂ ಹೆಚ್ಚಿಗಿ ಓದಿಲ್ಲ. ಸಾಹೇಬನ ಕಣ್ಣಿಗೆ ಇಲೆಕ್ಷನ್ ನ್ಯಾಯದ್ದ ಕಾಣಬೇಕು, ನೀ ನಿಂತು ಸೋಲು, ಮಗನ್ನ ಬಿಡ್ತೀನಿ ಅಂದಿದ್ರಿ, ಖರೆ. ಆದ್ರ ನಾ ಬೇಕಂತ ಗೆದ್ದಿಲ್ಲರಿ."